ಮೆಲುದನಿಯ ಮೊಂಡುತನ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬೆಲ್ ಆ್ಯಂಡ್ ಸೆಬಾಸ್ಟಿಯನ್ ಬ್ಯಾಂಡಿನ ಹಳೆಯ ಅಭಿಮಾನಿಗಳ ಬಾಯಲ್ಲಿ ಒಂದು ಹಳಹಳಿಕೆ ಸದಾ ಇದ್ದದ್ದೇ: ಮೊದಲ ಎರಡು ಆಲ್ಬಮ್ ಸರಿ, ಆಮೇಲಿನದೆಲ್ಲ ಬರೀ ಸದ್ದು. 1996ರಲ್ಲಿ ಪಿಸುಗುಡುತ್ತಿದ್ದವರು 2015ರ ಹೊತ್ತಿಗೆ ಡಿಸ್ಕೊ ತಾಳ ಹಿಡಿದಿದ್ದರು ಎಂಬುದೇನೋ ನಿಜ. ಆದರೆ ಆ ಪಿಸುದನಿಯನ್ನೇ ಬ್ಯಾಂಡಿನ ಜೀವಾಳವೆಂದು ಪೂಜಿಸುವವರು ಆ ಹಾಡುಗಳನ್ನು ಕೊನೆಯವರೆಗೆ ಕೇಳಿದಂತಿಲ್ಲ. ಈ ಬ್ಯಾಂಡಿನ ಗಟ್ಟಿ ಹಾಡುಗಳು ಮೆಲ್ಲಗೆ ಶುರುವಾಗುತ್ತವೆ, ಮೆಲ್ಲಗೆ ಮುಗಿಯುವುದಿಲ್ಲ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬ್ಯಾಂಡಿನ ಮುಖ್ಯ ಗಾಯಕ, ಗೀತರಚನಕಾರ ಸ್ಟುವರ್ಟ್ ಮರ್ಡಾಕ್ ಹಾಡು ಕಟ್ಟಲು ಕಲಿತದ್ದೇ ಕಾಯಿಲೆಯಲ್ಲಿ. ಎಂಬತ್ತರ ದಶಕದ ಕೊನೆಗೆ ಎಂಇ ಎಂಬ ಬಳಲಿಕೆಯ ರೋಗ ಹಿಡಿದು, ಸುಮಾರು ಏಳು ವರ್ಷ ಅವರು ಓದು, ಉದ್ಯೋಗ ಎರಡಕ್ಕೂ ಆಗದೆ ಉಳಿದರು. ದಿನಕ್ಕೆ ಇಷ್ಟೇ ಕಸುವು ಎಂದು ಎಣಿಸಿ ಬದುಕುವವನಿಗೆ ಗಂಟಲು ಬಿಟ್ಟು ಹಾಡುವ ಸೌಲಭ್ಯವಿಲ್ಲ. ಹಾಗೆಂದು ಆಸೆ ಇರಲಿಲ್ಲವೇ? ಮರ್ಡಾಕ್ ಹಾಡುಗಳಲ್ಲಿ ಓಟದ ಸ್ಪರ್ಧಿಗಳು, ಶಾಲೆಯ ಆಟಗಾರರು, ಬಸ್ ಹತ್ತಿ ಊರೂರು ಸುತ್ತುವ ಹುಡುಗಿಯರು ತುಂಬಿಕೊಂಡಿರುವುದನ್ನು ನೋಡಿದರೆ, ದೇಹ ಕೊಡದಿದ್ದುದನ್ನೆಲ್ಲ ಪಾತ್ರಗಳ ಕೈಯಲ್ಲಿ ಮಾಡಿಸಿದಂತಿದೆ.

ಬ್ಯಾಂಡ್ ಹುಟ್ಟಿದ್ದೂ ಅಂಥ ಬಿಡುವಿನಲ್ಲೇ. ನಿರುದ್ಯೋಗಿ ಸಂಗೀತಗಾರರಿಗೆಂದು ಗ್ಲಾಸ್ಗೋದಲ್ಲಿ ನಡೆಯುತ್ತಿದ್ದ ತರಬೇತಿಯಲ್ಲಿ ಮರ್ಡಾಕ್‌ಗೆ ಬಾಸ್ ಗಿಟಾರ್ ನುಡಿಸುವ ಸ್ಟುವರ್ಟ್ ಡೇವಿಡ್ ಸಿಕ್ಕರು. ಅಲ್ಲಿನ ಸ್ಟೋ ಕಾಲೇಜಿನಲ್ಲಿ ಸಂಗೀತ ವ್ಯಾಪಾರದ ಪಾಠ ಹೇಳುತ್ತಿದ್ದವರು ಅಸೋಸಿಯೇಟ್ಸ್ ಬ್ಯಾಂಡಿನ ಅಲನ್ ರ್‍ಯಾಂಕಿನ್. ಕಾಲೇಜಿನದೇ ಲೇಬಲ್ ಎಲೆಕ್ಟ್ರಿಕ್ ಹನಿ. ವಿದ್ಯಾರ್ಥಿಗಳು ಅದರಿಂದ ಒಂದು ಸಿಂಗಲ್ ಹೊರತರುವುದು ವಾಡಿಕೆಯಾಗಿತ್ತು. ಆ ಸಲ ಸರದಿ ಸಿಕ್ಕ ಮರ್ಡಾಕ್ ಬಳಿ ಹಾಡುಗಳ ರಾಶಿಯೇ ಇದ್ದುದರಿಂದ ಇಡೀ ಆಲ್ಬಮ್ಮೇ ಆಯಿತು. ಕೆಲವೇ ದಿನಗಳಲ್ಲಿ ಧ್ವನಿಮುದ್ರಿಸಿದ ‘ಟೈಗರ್‌ಮಿಲ್ಕ್’ 1996ರ ಜೂನ್‌ನಲ್ಲಿ ಬಂತು. ಅಚ್ಚಾದದ್ದು ಕೇವಲ 1000 ಎಲ್‌ಪಿಗಳು. 1999ರಲ್ಲಿ ಮರುಮುದ್ರಣ ಆಗುವವರೆಗೆ ಹಳೆಯ ಪ್ರತಿಗಳು ನೂರಾರು ಪೌಂಡಿಗೆ ಮಾರಾಟವಾಗುತ್ತಿದ್ದವು.

1996ರದೇ ನವೆಂಬರಿನಲ್ಲಿ ಜೀಪ್‌ಸ್ಟರ್ ಲೇಬಲ್ ತಂದ ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’ ಅವರ ಶಿಖರವೆಂದು ಬಹುಮತದ ತೀರ್ಪು. ತಕರಾರು ಎತ್ತಲು ಮನಸ್ಸು ಬರುವುದಿಲ್ಲ. ಮೊದಲ ಹಾಡು ‘ದ ಸ್ಟಾರ್ಸ್ ಆಫ್ ಟ್ರ್ಯಾಕ್ ಆ್ಯಂಡ್ ಫೀಲ್ಡ್’ನಲ್ಲಿ ಮರ್ಡಾಕ್ ದನಿ ಎಷ್ಟು ತಗ್ಗಿದೆಯೆಂದರೆ ಕೇಳುಗ ಕೈಯಾರೆ ವಾಲ್ಯೂಮ್ ಏರಿಸುತ್ತಾನೆ. ಆಮೇಲೆ ಡ್ರಮ್ಸ್ ಸೇರಿ, ಒಂದೊಂದೇ ವಾದ್ಯ ಕೂಡಿ, ಟ್ರಂಪೆಟ್ ಬರುವಷ್ಟರಲ್ಲಿ ಕೋಣೆ ತುಂಬಿರುತ್ತದೆ. ಶೀರ್ಷಿಕೆ ಗೀತೆಯ ಹಿನ್ನೆಲೆಯಲ್ಲಿ ಆಟವಾಡುವ ಮಕ್ಕಳ ಗದ್ದಲ. ಮುನ್ನೆಲೆಯಲ್ಲಿ ದೇವರು, ಸಾವು, ಬೇಸರ, ಮತ್ತು ಯಾವುದಕ್ಕೂ ನೆಟ್ಟಗೆ ಉತ್ತರ ಕೊಡಲಾಗದ ಒಬ್ಬ ಪಾದ್ರಿ. ಮರ್ಡಾಕ್ ಆಗ ಚರ್ಚಿನ ಸಭಾಂಗಣವೊಂದನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು ಅದರ ಮೇಲಿನ ಮನೆಯಲ್ಲೇ ಇದ್ದರು. ಪಾದ್ರಿಯನ್ನು ಗೇಲಿ ಮಾಡುವ ಹಾಡಿನಲ್ಲಿ ದ್ವೇಷ ಕಾಣದಿರುವುದಕ್ಕೆ ಈ ನೆರೆತನವೂ ಕಾರಣವಿರಬಹುದು. ಒಂದು ಸಾಲಿಗೆ ಹಿಡಿಸದಷ್ಟು ಮಾತುಗಳನ್ನು ತುರುಕಿಯೂ ಮಟ್ಟು ಮುರಿಯದಂತೆ ನೋಡಿಕೊಳ್ಳುವುದು ಅವರ ಕಸುಬು. ಸಣ್ಣಕತೆಯೊಂದು ಪಾಪ್ ಹಾಡಿನ ನಾಲ್ಕು ನಿಮಿಷಕ್ಕೆ ಇಳಿದು ಬಂದರೂ ಕತೆಯಾಗಿಯೇ ಉಳಿಯುತ್ತದೆ.

ಆದರೆ ಈ ಆಲ್ಬಮ್ಮಿನ ಧ್ವನಿಮುದ್ರಣದ ಬಗ್ಗೆ ಮರ್ಡಾಕ್‌ಗೇ ಅಸಮಾಧಾನವಿತ್ತು. ಹಾಡುಗಳಿಗೆ ತಕ್ಕ ಸದ್ದು ಸಿಗಲಿಲ್ಲವೆಂದು 2005ರಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ಅಷ್ಟನ್ನೂ ಹೊಸದಾಗಿ ನುಡಿಸಿ ಬಿಡುಗಡೆ ಮಾಡಿದರು. ನುಡಿಸಾಣಿಕೆ ಹೆಚ್ಚು ಪಳಗಿದೆ, ವಾದ್ಯಗಳು ಸ್ಪಷ್ಟವಾಗಿವೆ. ಆದರೂ ಜನ ಹಿಂದಿರುಗುವುದು ತೆಳ್ಳಗಿನ ಹಳೆಯ ಪ್ರತಿಗೇ. ಹಾಡಿದವನಿಗೆ ಬೇಡವಾದದ್ದೇ ಕೇಳುಗನಿಗೆ ಪ್ರಿಯವಾಗುವ ಇಂಥ ಜಗಳದಲ್ಲಿ ಈ ಸಲ ಕೇಳುಗನ ಪಕ್ಷವೇ ಸರಿ.

1997ರ ಮೂರು ಇಪಿಗಳ ಪೈಕಿ ‘ಲೇಜಿ ಲೈನ್ ಪೇಂಟರ್ ಜೇನ್’ ಬ್ಯಾಂಡಿನ ಅತ್ಯುತ್ತಮ ಆರು ನಿಮಿಷ. ಮರ್ಡಾಕ್ ಅವರ ಬಿಗುಮಾನದ ದನಿಗೆ ಎದುರಾಗಿ ಅತಿಥಿ ಗಾಯಕಿ ಮೋನಿಕಾ ಕ್ವೀನ್ ತುಂಬುಗಂಟಲಲ್ಲಿ ನುಗ್ಗಿದಾಗ ಹಾಡು ಹೌಹಾರಿ ಮೈಕೊಡವಿ ಏಳುತ್ತದೆ. ಕೊನೆಯಲ್ಲಿ ಮಾತು ಮುಗಿದರೂ ಆರ್ಗನ್, ಗಿಟಾರ್, ಡ್ರಮ್ಸ್ ನಿಲ್ಲಲೊಲ್ಲವು. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಅದು 41ಕ್ಕೆ ನಿಂತಿತು. ಇನ್ನೊಂದು ಮೆಟ್ಟಿಲು ಏರಿದ್ದರೆ ಟಾಪ್ 40! ಆಲ್ಬಮ್‌ಗಳಿಗೆ ಸೇರದ ಆ ಕಾಲದ ಹಾಡುಗಳೆಲ್ಲ 2005ರ ‘ಪುಷ್ ಬಾರ್‌ಮ್ಯಾನ್ ಟು ಓಪನ್ ಓಲ್ಡ್ ವೂಂಡ್ಸ್’ ಸಂಕಲನದಲ್ಲಿ ಒಟ್ಟಿಗಿವೆ. ಹೊಸಬರು ಅಲ್ಲಿಂದ ಶುರುಮಾಡಿದರೂ ನಷ್ಟವಿಲ್ಲ.

ಆ ದಿನಗಳಲ್ಲಿ ಬ್ಯಾಂಡ್ ಸಂದರ್ಶನ ಕೊಡಲು ಹಿಂದೇಟು ಹಾಕುತ್ತಿತ್ತು, ಪತ್ರಿಕೆಗಳಿಗೆ ತಮ್ಮ ಬದಲು ಗೆಳೆಯರ ಫೋಟೊ ಕಳಿಸುತ್ತಿತ್ತು. ಇದನ್ನು ನಾಚಿಕೆ ಎಂದವರುಂಟು. ಪಕ್ಕಾ ಮೊಂಡುತನ ಎಂದರೆ ಹೆಚ್ಚು ಹೊಂದುತ್ತದೆ. 1999ರ ಬ್ರಿಟ್ ಪ್ರಶಸ್ತಿಯಲ್ಲಿ ಜನರ ಮತದಿಂದ ಅವರು ‘ಹೊಸ ಪ್ರತಿಭೆ’ಯಾಗಿ ಗೆದ್ದಾಗ, ಸೋತವರಲ್ಲಿ ಜನಪ್ರಿಯ ಸ್ಟೆಪ್ಸ್ ತಂಡವಿತ್ತು. ಮತದಾನದಲ್ಲಿ ಏನೋ ನಡೆದಿದೆಯೆಂಬ ಗುಲ್ಲೆದ್ದಿತು.

ಕುಸಿತ ಎಂದು ಹೆಸರಿಸಲೇಬೇಕಾದರೆ ಅದು ಡಿಸ್ಕೊದಲ್ಲಿಲ್ಲ, ಅದಕ್ಕೂ ಮೊದಲು, 1998ರಿಂದ 2002ರ ನಡುವೆ ಇದೆ. ಎಲ್ಲರೂ ಬರೆಯಲಿ, ಎಲ್ಲರೂ ಹಾಡಲಿ ಎಂಬ ಉದಾರತೆ ಒಳ್ಳೆಯದೇ. ‘ದ ಬಾಯ್ ವಿತ್ ದ ಆ್ಯರಬ್ ಸ್ಟ್ರ್ಯಾಪ್’ (1998) ಅದರಿಂದ ಬಹುಮಟ್ಟಿಗೆ ಗೆದ್ದಿತು. ಅದರ ‘ಸ್ಲೀಪ್ ದ ಕ್ಲಾಕ್ ಅರೌಂಡ್’ ಯಂತ್ರದ ಗುಂಯ್‌ಗುಡುವಿಕೆಯಿಂದ ಹೊರಟು ಬ್ಯಾಗ್‌ಪೈಪಿನಲ್ಲಿ ಮುಗಿಯುವ ಸೊಗಸೇ ಬೇರೆ. ಆದರೆ 2000ದ ‘ಫೋಲ್ಡ್ ಯುವರ್ ಹ್ಯಾಂಡ್ಸ್ ಚೈಲ್ಡ್’ ಹೊತ್ತಿಗೆ ಒಬ್ಬೊಬ್ಬರದು ಒಂದೊಂದು ದಾರಿ. ಸ್ಟುವರ್ಟ್ ಡೇವಿಡ್ 2000ದಲ್ಲಿ ಹೊರಟರು, ಚೆಲ್ಲೊ ನುಡಿಸಿ ಹಾಡುತ್ತಿದ್ದ ಇಸೊಬೆಲ್ ಕ್ಯಾಂಬೆಲ್ 2002ರಲ್ಲಿ ಪ್ರವಾಸದ ನಡುವೆಯೇ ಬಿಟ್ಟರು.

ಉಳಿದವರು ಮಾಡಿದ ಆಯ್ಕೆ ಅಚ್ಚರಿಯದು. 2003ರ ‘ಡಿಯರ್ ಕ್ಯಾಟಾಸ್ಟ್ರಫಿ ವೇಟ್ರೆಸ್’ಗೆ ಎಂಬತ್ತರ ದಶಕದ ಝಗಮಗ ಪಾಪ್‌ನ ನಿರ್ಮಾಪಕ ಟ್ರೆವರ್ ಹಾರ್ನ್ ಬಂದರು. ಶುದ್ಧಾಚಾರದ ಅಭಿಮಾನಿಗಳಿಗೆ ಮೈಲಿಗೆಯಾಯಿತು. ಕೆಲವೆಡೆ ಹೊಳಪು ಅತಿಯಾಗಿರುವುದೂ ಹೌದು. ಆದರೆ ‘ಸ್ಟೇ ಲೂಸ್’ನ ನಡುಗುವ ಆರ್ಗನ್, ‘ಐಯಾಮ್ ಎ ಕುಕೂ’ದಲ್ಲಿ ಥಿನ್ ಲಿಜ್ಜಿಯನ್ನು ನೆನಪಿಸುವ ಜೋಡಿ ಗಿಟಾರ್ ಕೇಳಿದರೆ, ಮೊದಲಿನಿಂದ ಒಳಗಿದ್ದ ಹುರುಪಿಗೆ ಈಗಷ್ಟೇ ಜಾಗ ಸಿಕ್ಕಿದೆ ಎನ್ನಿಸುತ್ತದೆ. ನಿರ್ಮಾಪಕ ಟೋನಿ ಹಾಫರ್ ಜೊತೆ ಲಾಸ್ ಏಂಜಲಿಸ್‌ನಲ್ಲಿ ಮಾಡಿದ ‘ದ ಲೈಫ್ ಪರ್ಸ್ಯೂಟ್’ (2006) ಬ್ರಿಟನ್ನಿನಲ್ಲಿ 8ನೇ ಸ್ಥಾನಕ್ಕೇರಿತು.

2015ರ ‘ಗರ್ಲ್ಸ್ ಇನ್ ಪೀಸ್‌ಟೈಮ್ ವಾಂಟ್ ಟು ಡಾನ್ಸ್’ನಲ್ಲಿ ಮಾತ್ರ ದೂರುದಾರರಿಗೆ ಸ್ವಲ್ಪ ಸಾಕ್ಷ್ಯ ಸಿಗುತ್ತದೆ. ‘ಎಂಟರ್ ಸಿಲ್ವಿಯಾ ಪ್ಲಾತ್’ನ ಯೂರೋ ಡಿಸ್ಕೊ ತೊಟ್ಟುಕೊಂಡ ವೇಷ, ಉದ್ದವೂ ಹೆಚ್ಚು, ಕತೆಯೂ ಇಲ್ಲ. ಆದರೆ ಅದೇ ಆಲ್ಬಮ್ಮಿನ ಮೊದಲ ಹಾಡು ‘ನೋಬಡೀಸ್ ಎಂಪೈರ್’ನಲ್ಲಿ ಮರ್ಡಾಕ್ ತಮ್ಮ ಕಾಯಿಲೆಯ ವರ್ಷಗಳನ್ನು ಪಾತ್ರಗಳ ಮರೆಯಿಲ್ಲದೆ ಹೇಳಿದರು. ಹಾಸಿಗೆ ಹಿಡಿದ ಹುಡುಗನ ಕತೆಗೆ ಇಲ್ಲಿ ಕುಣಿಸುವ ತಾಳವಿದೆ, ಏರುತ್ತ ಹೋಗುವ ಸಮೂಹಗಾನವಿದೆ, ಎರಡೂ ಒಂದನ್ನೊಂದು ಎಳೆದಾಡುತ್ತವೆ. 1997ರ ಜೇನ್‌ಗೆ ಸರಿಸಾಟಿಯಾದ ಹಾಡು ಹುಡುಕುವವರು ಇಲ್ಲಿಗೆ ಬರಬೇಕು. 2024ರಲ್ಲಿ ಇದೇ ಹೆಸರಿನಲ್ಲಿ ಮರ್ಡಾಕ್ ಕಾದಂಬರಿಯನ್ನೂ ತಂದರು.

ಕೋವಿಡ್ ಸೋಂಕಿನ ಕಾಲದಲ್ಲಿ ಅಮೆರಿಕಕ್ಕೆ ಹೋಗಲಾಗದೆ ಗ್ಲಾಸ್ಗೋದ ತಾಲೀಮು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಮುಗಿಸಿದ ‘ಎ ಬಿಟ್ ಆಫ್ ಪ್ರೀವಿಯಸ್’ (2022) ನಡುವಯಸ್ಸಿನವರ ಆಲ್ಬಮ್. ಆ ವಯಸ್ಸನ್ನು ಮುಚ್ಚಿಡುವ ಯತ್ನವನ್ನೂ ಅದು ಮಾಡುವುದಿಲ್ಲ. ‘ಅನ್‌ನೆಸೆಸರಿ ಡ್ರಾಮಾ’ದಲ್ಲಿ ಹಾರ್ಮೋನಿಕಾ ಒರಟಾಗಿ ಅರಚುತ್ತದೆ. ಮರುವರ್ಷದ ‘ಲೇಟ್ ಡೆವಲಪರ್ಸ್’ನಲ್ಲಿ ಮೊದಲ ಬಾರಿಗೆ ಹೊರಗಿನ ಗೀತರಚನಕಾರನ ಜೊತೆ ಸೇರಿ ಬರೆದ ‘ಐ ಡೋಂಟ್ ನೋ ವಾಟ್ ಯು ಸೀ ಇನ್ ಮಿ’ ಇದೆ. ಸಿಂಥ್ ಪಾಪ್ ಆಗಿ ಅದು ಅಚ್ಚುಕಟ್ಟು, ಆದರೆ ಯಾರು ಬೇಕಾದರೂ ಹಾಡಬಹುದಾಗಿತ್ತು. ‘ಅನ್‌ನೆಸೆಸರಿ ಡ್ರಾಮಾ’ ಹಾಗಲ್ಲ.