ಹೋಪ್‌ವೆಲ್‌ನಲ್ಲೇ ಮುಗಿದುಹೋಗುವ ಪ್ರವಾಸ

ಟೊರೊಂಟೊದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಜುಲೈನಲ್ಲಿ ಹೋಗುವ ಅಪ್ಪ-ಅಮ್ಮಂದಿರಿಗಾಗಿ ಮಕ್ಕಳು ಹಾಕುವ ಅಟ್ಲಾಂಟಿಕ್ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಹ್ಯಾಲಿಫ್ಯಾಕ್ಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು, ಪೆಗ್ಗೀಸ್ ಕೋವ್‌ನ ದೀಪಸ್ತಂಭ, 12.9 ಕಿ.ಮೀ. ಉದ್ದದ ಸೇತುವೆ ದಾಟಿದರೆ ಪ್ರಿನ್ಸ್ ಎಡ್ವರ್ಡ್ ದ್ವೀಪ. ನಡುವೆ ನ್ಯೂ ಬ್ರನ್ಸ್‌ವಿಕ್‌ನ ಪಾಲಿಗೆ ಬರುವುದು ಹೋಪ್‌ವೆಲ್ ರಾಕ್ಸ್ ಬಂಡೆಗಳ ಬಳಿ ಒಂದು ಮಧ್ಯಾಹ್ನ ಮತ್ತು ಮಾಂಕ್ಟನ್‌ನಲ್ಲಿ ಒಂದು ರಾತ್ರಿಯ ನಿದ್ದೆ. ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡನ್ನೂ ಅಧಿಕೃತ ಭಾಷೆಗಳೆಂದು ಒಪ್ಪಿಕೊಂಡ ಪ್ರಾಂತ್ಯ ಇದೊಂದೇ. ಮೂರರಲ್ಲಿ ಒಂದು ಪಾಲಿಗೆ ಹತ್ತಿರದಷ್ಟು ಜನರ ಮನೆಮಾತು ಫ್ರೆಂಚ್. ಆ ಮಧ್ಯಾಹ್ನದಲ್ಲಿ ಇದರ ಸುಳಿವೂ ಸಿಗುವುದಿಲ್ಲ.

ಆ ಮಧ್ಯಾಹ್ನವನ್ನಾದರೂ ಸರಿಯಾಗಿ ಬಳಸುತ್ತಾರೆಯೇ? ಹೋಪ್‌ವೆಲ್ ರಾಕ್ಸ್ ಇರುವುದು ಫಂಡಿ ಕೊಲ್ಲಿಯ ಮೇಲುತುದಿಯಲ್ಲಿ. ಜಗತ್ತಿನ ಅತಿ ಎತ್ತರದ ಉಬ್ಬರ ಈ ಕೊಲ್ಲಿಯದು. ನೋವಾ ಸ್ಕೋಷಿಯಾ ಕಡೆ 16 ಮೀಟರ್ ಮುಟ್ಟುತ್ತದೆ, ಹೋಪ್‌ವೆಲ್‌ನಲ್ಲಿ ದೊಡ್ಡ ಉಬ್ಬರದ ದಿನ 14ರ ಹತ್ತಿರ ಬರುತ್ತದೆ. ನಮ್ಮ ಮಂಗಳೂರು, ಕಾರವಾರದ ಕಡಲು ಎರಡು ಮೀಟರಿನ ಆಸುಪಾಸಿನಲ್ಲೇ ಏರಿಳಿಯುತ್ತದೆ. ಇಳಿತದ ಹಿಂದೆ ಮೂರು ಗಂಟೆ, ಮುಂದೆ ಮೂರು ಗಂಟೆ ಕಡಲತಳದಲ್ಲಿ ಓಡಾಡಬಹುದು. ಈ ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಹೋಟೆಲ್ ಕಾಯ್ದಿರಿಸುವ ಮುಂಚೆಯೇ ಉಬ್ಬರ-ಇಳಿತದ ವೇಳಾಪಟ್ಟಿ ನೋಡಬೇಕು. ಯಾವುದೋ ಹೊತ್ತಿಗೆ ಹೋಗಿ ನಿಂತವರು ಒಂದೋ ನೀರು ನೋಡುತ್ತಾರೆ, ಇಲ್ಲವೇ ಕೆಸರು ನೋಡುತ್ತಾರೆ. ಸೋಜಿಗವಿರುವುದು ಎರಡನ್ನೂ ಒಂದೇ ಜಾಗದಲ್ಲಿ ನೋಡುವುದರಲ್ಲಿ. ನಡುವಿನ ಆರು ಗಂಟೆಗೆ ಹತ್ತಿರದ ಆಲ್ಮಾ ಇದೆ. ಇಳಿತದಲ್ಲಿ ಅಲ್ಲಿನ ಮೀನುದೋಣಿಗಳು ಬಂದರಿನ ನೆಲದ ಮೇಲೆ ಕುಳಿತಿರುತ್ತವೆ. ಅಂದಹಾಗೆ, ಹಳೆಯ ಕೈಪಿಡಿಗಳ ರಕ್ಷಾಪುಟದಲ್ಲಿರುವ ಆನೆಬಂಡೆಯನ್ನು ಹುಡುಕಬೇಡಿ. 2016ರ ಮಾರ್ಚ್‌ನಲ್ಲಿ ಅದರ ದೊಡ್ಡ ಭಾಗ ಕುಸಿದುಬಿತ್ತು.

ಪ್ರಾಂತ್ಯದ ಪ್ರವಾಸೋದ್ಯಮದವರು ಹೆದ್ದಾರಿ ಬಿಟ್ಟು ಸುತ್ತಲೆಂದು ಐದು ಚೆಲುವಿನ ದಾರಿಗಳನ್ನು ಗುರುತಿಸಿದ್ದಾರೆ. ಫಂಡಿ ತೀರದ್ದೊಂದು, ಅಕೇಡಿಯನ್ ತೀರದ್ದೊಂದು, ಉಳಿದ ಮೂರು ನದಿ-ಬೆಟ್ಟಗಳವು. ಒಳ್ಳೆಯ ಕೆಲಸವೇ. ಆದರೆ ನಕ್ಷೆಯನ್ನು ಹಾಸಿಕೊಂಡು ಕುಳಿತವನಿಗೆ ಅದು ಒಂದು ತಪ್ಪು ಪಾಠ ಹೇಳಿಕೊಡುತ್ತದೆ: ಉಬ್ಬರ ಬೇಕಾದರೆ ಫಂಡಿ, ಫ್ರೆಂಚ್ ಬೇಕಾದರೆ ಆಚೆ ತೀರ. ಹೆಸರು ಮಾಡಿದ್ದು ಫಂಡಿಯಾದ್ದರಿಂದ ಸಮಯ ಸಾಲದಾಗ ಕತ್ತರಿ ಬೀಳುವುದು ಆಚೆ ತೀರಕ್ಕೇ.

ಚರಿತ್ರೆ ಈ ನಕ್ಷೆಯನ್ನು ಒಪ್ಪುವುದಿಲ್ಲ. ಫಂಡಿಯ ಉಬ್ಬರವನ್ನು ಮೊದಲು ಪಳಗಿಸಿದವರೇ ಫ್ರೆಂಚ್ ಮಾತಿನ ಅಕೇಡಿಯನ್ನರು. ಜೌಗಿನ ಹುಲ್ಲುಹೆಪ್ಪೆಗಳನ್ನು ಒತ್ತೊತ್ತಾಗಿ ಜೋಡಿಸಿ ದಂಡೆ ಕಟ್ಟಿದರು. ದಂಡೆಯ ಬುಡದಲ್ಲಿ ಮರದ ತೂಬು ಇಟ್ಟು, ಅದರೊಳಗೆ ಒಂದೇ ಕಡೆಗೆ ತೆರೆಯುವ ಕದ ತೂಗುಹಾಕಿದರು. ಇಳಿತದಲ್ಲಿ ಮಳೆನೀರು ಕದವನ್ನು ತಳ್ಳಿಕೊಂಡು ಕಡಲಿಗೆ ಹೋಗುತ್ತದೆ. ಉಬ್ಬರ ಬಂದಾಗ ಕಡಲೇ ಕದ ಮುಚ್ಚಿಕೊಳ್ಳುತ್ತದೆ. ಕೆಲವು ವರ್ಷ ಮಳೆ ಉಪ್ಪು ತೊಳೆದ ಮೇಲೆ ಆ ನೆಲದಲ್ಲಿ ಗೋಧಿ ಬೆಳೆಯಿತು. ಇದಕ್ಕೆ ಅವರಿಟ್ಟ ಹೆಸರು ಅಬ್ವಾತೊ. ಅಘನಾಶಿನಿಯ ಗಜನಿ ಗದ್ದೆಗಳನ್ನೂ ಅಲ್ಲಿನ ಕಗ್ಗ ಭತ್ತವನ್ನೂ ಬಲ್ಲ ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1755ರಲ್ಲಿ ಬ್ರಿಟಿಷ್ ಪಡೆ ಬೋಸೆಝೂರ್ ಕೋಟೆಯನ್ನು ಹಿಡಿಯಿತು. ಅದೇ ವರ್ಷ ಅಕೇಡಿಯನ್ನರನ್ನು ಹಡಗುಗಳಿಗೆ ತುಂಬಿ ಹೊರಗಟ್ಟುವುದು ಶುರುವಾಯಿತು. ವರ್ಷಗಳ ಮೇಲೆ ಮರಳಿ ಬಂದವರ ಹೊಲಗಳಲ್ಲಿ ಬೇರೆಯವರು ನೆಲೆಯೂರಿದ್ದರು. ಮರಳಿದವರಲ್ಲಿ ಬಹಳ ಮಂದಿ ಉತ್ತರ, ಪೂರ್ವದ ತೀರಗಳಿಗೆ ಸರಿದರು, ಬೇಸಾಯಗಾರರು ಮೀನುಗಾರರಾದರು. ಇಂದಿನ ‘ಅಕೇಡಿಯನ್ ತೀರ’ ಹುಟ್ಟಿದ್ದು ಹೀಗೆ. ಕೋಟೆ ಹಿಡಿದ ಸೇನಾನಿ ರಾಬರ್ಟ್ ಮಾಂಕ್ಟನ್‌ನ ಹೆಸರು ಊರಿಗಿದೆ. 1963ರಲ್ಲಿ ಆರಂಭವಾದ ಫ್ರೆಂಚ್ ವಿಶ್ವವಿದ್ಯಾಲಯದ ಹೆಸರಿನಲ್ಲೂ ಆ ಊರೇ ಇದೆ. ಹ್ಯಾಲಿಫ್ಯಾಕ್ಸ್‌ನಿಂದ ಮಾಂಕ್ಟನ್‌ಗೆ ಹೋಗುವ ಪ್ರತಿ ಕಾರೂ ಗಡಿ ದಾಟಿದೊಡನೆ ಈ ಕೋಟೆಯ ಪಕ್ಕದಲ್ಲೇ ಹಾಯುತ್ತದೆ. ದಿಬ್ಬದ ಮೇಲೆ ನಿಂತರೆ ಟಾಂಟ್ರಮಾರ್ ಜೌಗು ಕಣ್ಣು ಹಾಯುವಷ್ಟು ದೂರ ಕಾಣುತ್ತದೆ. ನಮ್ಮ ಪಟ್ಟಿಗಳಲ್ಲಿ ಅದಕ್ಕೆ ಜಾಗವಿಲ್ಲ.

ಎರಡು ಭಾಷೆಯ ಕಾನೂನು ಬಂದದ್ದು 1969ರಲ್ಲಿ, ಲೂಯಿ ರೋಬಿಶೊ ಪ್ರಾಂತ್ಯದ ಪ್ರೀಮಿಯರ್ ಆಗಿದ್ದಾಗ. ಸರ್ಕಾರಿ ಕಚೇರಿಯ ಸಿಬ್ಬಂದಿ ಇಂದು ಎರಡೂ ಭಾಷೆಯಲ್ಲಿ ಮಾತಾಡಿಸಿ, ಆಯ್ಕೆಯನ್ನು ಎದುರಿನವರಿಗೆ ಬಿಡಬೇಕು. ಖಾಸಗಿ ಅಂಗಡಿಗೆ ಆ ಕಟ್ಟುಪಾಡಿಲ್ಲ. ನಾಮಫಲಕದ ಗಲಾಟೆ ಕಂಡ ಬೆಂಗಳೂರಿನವರಿಗೆ ಮಾಂಕ್ಟನ್‌ಗೆ ಅಂಟಿಕೊಂಡ ಡಿಯೆಪ್ ಕುತೂಹಲ ಹುಟ್ಟಿಸಬಹುದು: ಅಂಗಡಿಗಳ ಹೊರಗಿನ ಫಲಕ ಎರಡೂ ಭಾಷೆಯಲ್ಲಿರಬೇಕೆಂದು ಅಲ್ಲಿನ ನಗರಸಭೆ 2010ರಲ್ಲಿ ನಿಯಮ ಮಾಡಿತು.

ಆಚೆ ತೀರವೂ ಪೂರ್ತಿ ಚಿನ್ನವಲ್ಲ. ಶೆಡಿಯಾಕ್‌ನ ಹನ್ನೊಂದು ಮೀಟರ್ ಉದ್ದದ ಕಾಂಕ್ರೀಟ್ ಲಾಬ್‌ಸ್ಟರ್ ಫೋಟೊಗಷ್ಟೇ ಸರಿ. ಬುಕ್ತೂಶ್‌ನಲ್ಲಿ ಆಂಟೊನೀನ್ ಮಾಯೆ ಅವರ ಪಾತ್ರಗಳನ್ನು ಆಡಿ ತೋರಿಸುವ ‘ಸಾಗ್ವೀನ್ ನಾಡು’ ಇದೆ. ಮಾಯೆ 1979ರಲ್ಲಿ ಗೊಂಕೂರ್ ಪ್ರಶಸ್ತಿ ಪಡೆದವರು. ಫ್ರೆಂಚ್ ಬಾರದವರಿಗೆ ಅಲ್ಲಿ ಸಿಗುವುದು ಹಾಡು, ವೇಷ, ಸಡಗರ. ಮಾತಿನ ಮೊನಚೇ ಪ್ರಾಣವಾದ ಕಡೆ ಇದು ಸಣ್ಣ ನಷ್ಟವಲ್ಲ. ನನ್ನ ಆಯ್ಕೆ ಕಾರಾಕೆಟ್ ಬಳಿಯ ಅಕೇಡಿಯನ್ ಐತಿಹಾಸಿಕ ಗ್ರಾಮ. ಬೇರೆ ಬೇರೆ ಊರುಗಳ ಹಳೆಯ ಮನೆಗಳನ್ನು ಸಾಗಿಸಿ ತಂದು ನಿಲ್ಲಿಸಿದ್ದಾರೆ, ಒಳಗೆ ಒಲೆ ಉರಿಯುತ್ತದೆ, ಮಗ್ಗ ಓಡುತ್ತದೆ. ಕೈಕೆಲಸ ನೋಡಲು ಭಾಷೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಮಾಂಕ್ಟನ್‌ನಿಂದ ಅಲ್ಲಿಗೆ ಮೂರು ಗಂಟೆಯ ದಾರಿ, ಆದ್ದರಿಂದ ಒಂದು ರಾತ್ರಿ ಅಲ್ಲೇ ತಂಗಬೇಕು. ಆಗಸ್ಟ್ 15 ಅಕೇಡಿಯನ್ನರ ರಾಷ್ಟ್ರೀಯ ದಿನ. ಕಾರಾಕೆಟ್‌ನ ಬೀದಿಯಲ್ಲಿ ಪಾತ್ರೆ, ತಗಡು, ತುತ್ತೂರಿ ಬಡಿದೂದುತ್ತಾ ಊರಿಗೆ ಊರೇ ಸದ್ದು ಮಾಡುತ್ತದೆ. ಆ ವಾರಕ್ಕೆ ಕೋಣೆ ಬೇಕಾದರೆ ಬಹಳ ಮುಂಚೆ ಹಿಡಿಯಿರಿ. ಸಸ್ಯಾಹಾರಿಗಳಿಗೆ ಎಚ್ಚರಿಕೆ: ಪೂತೀನ್ ರಾಪೆ ಎಂಬ ಬೂದುಬಣ್ಣದ ಆಲೂಗಡ್ಡೆ ಉಂಡೆಯ ಹೊಟ್ಟೆಯಲ್ಲಿ ಉಪ್ಪು ಹಾಕಿದ ಹಂದಿಮಾಂಸವಿರುತ್ತದೆ.

ದಾರಿಯಲ್ಲಿ ಸಿಗುವ ಕುಶಿಬುಗ್ವಾಕ್ ಉದ್ಯಾನವನ್ನು ಮರಳದಿಬ್ಬ, ಸೈಕಲ್ ದಾರಿ ಎಂದಷ್ಟೇ ಹೇಳಿ ಮಾರುವುದು ಬೇಸರದ ಸಂಗತಿ. 1969ರಲ್ಲಿ ಆ ಉದ್ಯಾನಕ್ಕಾಗಿ ಇನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಯಿತು, ಹೆಚ್ಚಿನವರು ಅಕೇಡಿಯನ್ನರೇ. ಝಾಕಿ ವೊಟೂರ್ ಎಂಬವರು 2021ರಲ್ಲಿ ಸಾಯುವವರೆಗೂ ಆ ನೆಲದ ಹಕ್ಕು ಬಿಟ್ಟುಕೊಡಲಿಲ್ಲ.

ಇಷ್ಟಕ್ಕೆಲ್ಲ ಸಮಯ ಎಲ್ಲಿಂದ ತರುವುದು? ಮಾಂಕ್ಟನ್‌ನ ಮ್ಯಾಗ್ನೆಟಿಕ್ ಹಿಲ್‌ನಿಂದ ಆರಂಭಿಸಬಹುದು. ಕಾರು ತಾನಾಗಿ ಏರು ಹತ್ತಿದಂತೆ ಕಾಣುವ ಆ ಕಣ್ಕಟ್ಟಿಗೆ ಕೊಡುವ ಹೊತ್ತಿನಲ್ಲಿ ಮೆಮ್ರಮ್‌ಕುಕ್ ಕಣಿವೆಗೆ ಹೋಗಿ ಬರಬಹುದು. 1881ರಲ್ಲಿ ಅಕೇಡಿಯನ್ನರು ಮೊದಲ ಮಹಾಸಭೆ ಸೇರಿ ಆಗಸ್ಟ್ 15ನ್ನು ತಮ್ಮ ದಿನವೆಂದು ಆರಿಸಿದ್ದು ಅಲ್ಲೇ. ಕಣಿವೆಯ ನದಿ ಫಂಡಿಗೇ ಸೇರುತ್ತದೆ, ಊರಿನ ಮಾತು ಫ್ರೆಂಚ್.