ಮಾಗಿಯಲ್ಲಿ ಕೋಟೆ, ಕೆರೆ, ಹಿನ್ನೀರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಸುತ್ತಲು ಮಾಗಿಯೇ ಹದವಾದ ಕಾಲ. ಬೇಸಿಗೆಯಲ್ಲಿ ಇಲ್ಲಿನ ಹಾಸುಬಂಡೆ ಹೊತ್ತೇರುವ ಮೊದಲೇ ಕಾದ ಹೆಂಚಾಗುತ್ತದೆ. ಮಳೆಗಾಲದಲ್ಲಿ ಎರೆಹೊಲದ ದಾರಿ ಕಾಲು ಕೀಳಲು ಬಿಡುವುದಿಲ್ಲ. ಡಿಸೆಂಬರ್, ಜನವರಿಗಳಲ್ಲಿ ಮಾತ್ರ ಬಂಡೆ ತಣ್ಣಗಿದ್ದು, ಕೆರೆಯಲ್ಲಿ ನೀರೂ ಇರುತ್ತದೆ. ಹಿಂಗಾರಿ ಜೋಳ ತೆನೆ ಹಿಡಿದಿರುತ್ತದೆ, ಕಡಲೆ ಹೊಲದ ಮೇಲೆ ಇಬ್ಬನಿ ಕೂತಿರುತ್ತದೆ.

ಪ್ರವಾಸವನ್ನು ಪೂರ್ವದ ಗುಡೇಕೋಟೆಯಿಂದ ಆರಂಭಿಸುವುದು ಅನುಕೂಲ. ಕೂಡ್ಲಿಗಿ ತಾಲ್ಲೂಕಿನ ಈ ಊರು ಪಾಳೆಯಗಾರರ ನೆಲೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಗಳ ನಡುವಿನ ಸಂದುಗಳನ್ನು ಕಲ್ಲುಗೋಡೆಯಿಂದ ಮುಚ್ಚಿ ಕೋಟೆ ಕಟ್ಟಲಾಗಿದೆ. ಅರ್ಧ ಕೆಲಸ ಬೆಟ್ಟದ್ದು, ಅರ್ಧ ಉಪ್ಪಾರರದು. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಎಂಬುದು ಜನರ ನಂಬಿಕೆ. ಸುತ್ತಲಿನ ಕುರುಚಲು ಕಾಡು ಕರಡಿಧಾಮ. ಹಗಲೆಲ್ಲ ಬಂಡೆಗಳ ಪೊಟರೆಯಲ್ಲಿ ಮಲಗುವ ಕರಡಿ ಹೊತ್ತಿಳಿದ ಮೇಲೆ ಹೊರಬೀಳುವುದರಿಂದ, ಸಂಜೆಗೆ ಮುನ್ನವೇ ಬೆಟ್ಟ ಇಳಿಯುವುದು ರೂಢಿ.

ಹರಪನಹಳ್ಳಿಯ ಪಾಳೆಯಪಟ್ಟು ಈ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡದು. ದಾದಯ್ಯನಿಂದ ಆರಂಭವಾದ ಈ ಮನೆತನ 18ನೆಯ ಶತಮಾನದ ನಡುವೆ, ಸೋಮಶೇಖರ ನಾಯಕನ ಕಾಲದಲ್ಲಿ, ಚಿತ್ರದುರ್ಗದವರನ್ನು ಮಾಯಕೊಂಡದ ಯುದ್ಧದಲ್ಲಿ ಎದುರಿಸುವಷ್ಟು ಬಲಿತಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಪಾಳೆಯಗಾರರ ಬಲ ಮುರಿಯಿತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಪಾಳೆಯಗಾರರ ನೆಲೆಗಳಲ್ಲಿ ಕೋಟೆ ಕಾಣುವಷ್ಟು ಅರಮನೆ ಕಾಣುವುದಿಲ್ಲ. ಕೋಟೆಗೆ ಕಲ್ಲು ಬಳಸಿದವರು ವಾಸದ ಮನೆಗೆ ಮಣ್ಣು ಮತ್ತು ಮರವನ್ನೇ ನೆಚ್ಚಿದರು. ಮಾಳಿಗೆ ಸೋರತೊಡಗಿದ ಮೇಲೆ ಮಣ್ಣಿನ ಗೋಡೆ ಹೆಚ್ಚು ಕಾಲ ನಿಲ್ಲದು. ಹರಪನಹಳ್ಳಿ ತಾಲ್ಲೂಕಿನದೇ ಆದ ಉಚ್ಚಂಗಿದುರ್ಗ ಇನ್ನೂ ಹಳೆಯದು. ನೊಳಂಬವಾಡಿಯನ್ನು ಆಳಿದ ಪಾಂಡ್ಯರ ರಾಜಧಾನಿ, ಈಗ ಉಚ್ಚಂಗೆಮ್ಮನ ಕ್ಷೇತ್ರ.

ಉಳಿದಿರುವ ಕಲ್ಲನ್ನು ನೋಡಲು ಮಾಗಿಯ ಬಿಸಿಲಿಗಿಂತ ಒಳ್ಳೆಯ ದೀಪವಿಲ್ಲ. ಈ ಊರುಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬಾರದೆ, ದಕ್ಷಿಣಕ್ಕೆ ವಾಲಿ 51 ಡಿಗ್ರಿಯಷ್ಟೇ ಮೇಲೇರುತ್ತಾನೆ. ಬೆಳಕು ಓರೆಯಾಗಿ ಬಿದ್ದು ಕೆತ್ತನೆಯ ಒಂದೊಂದು ಗೆರೆಗೂ ನೆರಳು ಕೊಡುತ್ತದೆ. ಹರಪನಹಳ್ಳಿ ಸಮೀಪದ ಬಾಗಳಿಯ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕಾಲದಲ್ಲಿ ಮೊದಲಾಗಿ, 987ರ ಹೊತ್ತಿಗೆ ಚಾಲುಕ್ಯ ತೈಲಪನ ಆಳ್ವಿಕೆಯಲ್ಲಿ ಬೆಳೆಯಿತು. ಅದರ ತೆರೆದ ಮಂಟಪದ ಕಂಬಗಳ ಸಾಲಿನಲ್ಲಿ ನೆರಳು ಸರಿಯುವುದನ್ನು ಕೂತು ನೋಡಬೇಕು. ಹಡಗಲಿ ತಾಲ್ಲೂಕಿನ ಕುರುವತ್ತಿ ಮಲ್ಲಿಕಾರ್ಜುನ ಗುಡಿಯಲ್ಲಿ ಕಣ್ಣು ಮೊದಲು ಹೋಗುವುದು ಮದನಿಕೆಯರ ಕಡೆಗೆ. ಮೈ ಬಳುಕಿಸಿ ನಿಂತ ಹೆಣ್ಣಿನ ಸುತ್ತ ಕಲ್ಲಿನ ಬಳ್ಳಿ ಹಬ್ಬಿದೆ. ಎಳೆಬಿಸಿಲಿನಲ್ಲಿ ಬಳ್ಳಿಯ ನೆರಳು ಅವಳ ತೋಳಿನ ಮೇಲೆ ಇನ್ನೊಂದು ಒಡವೆಯಂತೆ ಬೀಳುತ್ತದೆ. ಗುಡಿಯ ಬಳಿಯೇ ತುಂಗಭದ್ರೆ. ವಾಸಿಯಾಗದ ರೋಗಕ್ಕೆ ಬೇಸತ್ತ ಚಾಲುಕ್ಯ ದೊರೆ ಆಹವಮಲ್ಲ ಸೋಮೇಶ್ವರ 1068ರ ಮಾರ್ಚ್‌ನಲ್ಲಿ ಜಲಸಮಾಧಿಯಾದದ್ದು ಇಲ್ಲಿಯೇ.

ಹೊಳೆಯ ಹರಿವಿನ ಗುಂಟ ಕೆಳಗೆ ಬಂದರೆ ಹಿನ್ನೀರು. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯ ತುಂಬಿದಾಗ ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಅಂಚಿಗೆ ಕಡಲತೀರದ ನೋಟ ಬರುತ್ತದೆ. ಕಾಲುವೆಗಳಿಗೆ ನೀರು ಹರಿದಂತೆ ದಂಡೆ ದಿನದಿನಕ್ಕೂ ಹಿಂದೆ ಸರಿದು, ಕೆಸರು ಮತ್ತು ಎಳೆಹುಲ್ಲಿನ ಪಟ್ಟಿ ಬಿಟ್ಟುಹೋಗುತ್ತದೆ. ವಲಸೆ ಹಕ್ಕಿಗಳಿಗೆ ಬೇಕಾದದ್ದೂ ಅದೇ.

ಆ ಹಕ್ಕಿಗಳು ಬಿಟ್ಟುಬರುವ ಉತ್ತರದಲ್ಲಿ ಆಗ ಕಡುಚಳಿ. ಇದೇ ದಿನಗಳಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸೂರ್ಯ ಆರೇಳು ಡಿಗ್ರಿ ಮೇಲೇರಿ ಮುಳುಗುತ್ತಾನೆ. ಹಗಲು ಆರು ತಾಸೂ ಇರುವುದಿಲ್ಲ. ಅಲ್ಲಿನ ಚಳಿಗಾಲದ ಅರಮನೆಯ ಮುಂದೆ ನೇವಾ ನದಿ ಹೆಪ್ಪುಗಟ್ಟುತ್ತದೆ. ರಷ್ಯಾ, ಮಧ್ಯ ಏಷ್ಯಾದ ಜೌಗುಗಳೂ ಕಲ್ಲಾಗುತ್ತವೆ. ನೀರಿಗೆ ಕೊಕ್ಕು ಇಳಿಯದಾದಾಗ ಸೂಜಿಬಾಲದ ಬಾತು, ಚಲುಕದ ಬಾತುಗಳು ದಕ್ಷಿಣಕ್ಕೆ ಹೊರಡುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತದೆ. ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇದು, ಹಗಲಲ್ಲಿ ನೀರಿನ ಮೇಲೆ ತೂಕಡಿಸುತ್ತದೆ.

ಈ ಹಕ್ಕಿಗಳ ಚಳಿಗಾಲದ ಅರಮನೆಗಳಲ್ಲಿ ಒಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಹೊಲಗಳಿಗೆ ನೀರುಣಿಸಲು ಶತಮಾನಗಳ ಹಿಂದೆ ಕಟ್ಟಿದ ಈ ಕೆರೆಯ ವಿಸ್ತಾರ ಸುಮಾರು 244 ಎಕರೆ. ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿರುವ ಇದು 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೀರಲ್ಲೇ ನಿಂತ ಜಾಲಿಮರಗಳು ಇದರ ಜೀವಾಳ. ಮುಳ್ಳೂ ನೀರೂ ಕಾವಲಿರುವ ಆ ಕೊಂಬೆಗಳಿಗೆ ನಾಯಿ, ನರಿ ಏರಲಾರವು. 240 ಬಗೆಯ ಹಕ್ಕಿಗಳನ್ನು ಇಲ್ಲಿ ಗುರುತಿಸಲಾಗಿದೆ. ಹೊತ್ತು ಇಳಿಯುವಾಗ ನೀರುಕಾಗೆಗಳು ಗೆರೆ ಕಟ್ಟಿ ಬರುತ್ತವೆ, ಬೆನ್ನಿಗೇ ಬಿಳಿ ಕೆಂಬರಲು. ಕಡೆಗೆ ಬಣ್ಣದ ಕೊಕ್ಕರೆ ಕಾಲು ಜೋಲುಬಿಟ್ಟು ಇಳಿದಾಗ ಜಾಲಿಯ ಕೊಂಬೆ ಬಾಗಿ, ಮೊದಲೇ ಕೂತವುಗಳೆಲ್ಲ ಗದ್ದಲ ಎಬ್ಬಿಸುತ್ತವೆ.

ನೋಡುವವರಿಗೆ ಏರಿಯೇ ಸರಿಯಾದ ಜಾಗ. ಗಾಢ ಬಣ್ಣದ ಬಟ್ಟೆ, ಎತ್ತರದ ದನಿ ಎರಡೂ ಬೇಡ. ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ ಹೋಗಬೇಕು. ನಡುವಿನ ಹೊತ್ತಿಗೆ ಗುಡಿಗಳಿವೆ, ಹಸಿವಿಗೆ ಕೊಟ್ಟೂರಿನ ಮಿರ್ಚಿ ಮಂಡಕ್ಕಿ ಇದೆ. ಮೈಲಾರ ಜಾತ್ರೆಯ ಭವಿಷ್ಯನುಡಿಯಾದ ಕಾರಣಿಕ, ಕೊಟ್ಟೂರೇಶ್ವರನ ತೇರು ಬರುವ ಹೊತ್ತಿಗೆ ಬಿಸಿಲು ಬಲಿಯತೊಡಗುತ್ತದೆ. ಮಾರ್ಚ್ ವೇಳೆಗೆ ಹೆಬ್ಬಾತುಗಳು ಉತ್ತರದ ದಾರಿ ಹಿಡಿಯುತ್ತವೆ. ಪ್ರವಾಸದ ಕಾಲವೂ ಅಲ್ಲಿಗೆ ಮುಗಿಯುತ್ತದೆ.