ಹಿಟ್ಟಿನ ಕೋಳಿಯಿಂದ ಹಾರುವ ಓತಿಯವರೆಗೆ: ಕನ್ನಡ ಕಥನದಲ್ಲಿ ಪ್ರಾಣಿಯ ನೋವು

ಪ್ರಾಣಿಗಳನ್ನು ಕುರಿತ ಕನ್ನಡದ ಸಾಹಿತ್ಯಚರ್ಚೆ ಬಹುಮಟ್ಟಿಗೆ ‘ದಯೆ’ ಎಂಬ ಒಂದು ಪದದ ಆಸರೆಯಲ್ಲಿಯೇ ನಡೆದುಬಂದಿದೆ. ಜೈನಕಾವ್ಯಗಳು, ವಚನಗಳು, ಜನಪದ ಕಥನಗೀತೆಗಳು, ಆಧುನಿಕ ಕಾದಂಬರಿಗಳು ಇವೆಲ್ಲವನ್ನೂ ಅಹಿಂಸೆಯ ಒಂದೇ ಅಖಂಡ ಪರಂಪರೆಯ ಘಟ್ಟಗಳೆಂದು ಓದುವ ರೂಢಿ ವಿಮರ್ಶೆಯಲ್ಲಿ ಬೇರೂರಿದೆ. ಈ ಓದಿನಲ್ಲಿ ಒಂದು ತೊಡಕಿದೆ. ದಯೆ ಎಂಬುದು ಅದನ್ನು ತೋರುವವನ ಗುಣ. ದಯೆಗೆ ಪಾತ್ರವಾದ ಜೀವಕ್ಕೆ ಏನಾಯಿತು, ಅದು ಏನನ್ನು ಅನುಭವಿಸಿತು ಎಂಬ ಪ್ರಶ್ನೆಯನ್ನು ಕೇಳದೆಯೇ ದಯೆಯನ್ನು ಕೊಂಡಾಡಲು ಸಾಧ್ಯ. ಪ್ರಾಣಿಹಿತದ ಆಧುನಿಕ ಚಿಂತನೆ ಹೊರಡುವುದು ಈ ಕೇಳದ ಪ್ರಶ್ನೆಯಿಂದ. ಹಾಗಾದರೆ ಕನ್ನಡ ಕಥನ ಈ ಪ್ರಶ್ನೆಯನ್ನು ಎಲ್ಲಿ ಕೇಳಿದೆ, ಎಲ್ಲಿ ಅದರಿಂದ ಜಾರಿಕೊಂಡಿದೆ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಕಾವ್ಯಗಳಿಗೆ ಮೊದಲು ಒಂದು ಕಲ್ಲನ್ನು ನೋಡುವುದು ಉಚಿತ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ, ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರ ಮೇಲೆ ಸಾಧಿಸಿದ ಗೆಲುವಿನ ಕಾರಣದಿಂದ ಇತಿಹಾಸಕಾರರಿಗೆ ಸುಪರಿಚಿತ. ಆದರೆ ಕಲ್ಲು ನಿಂತಿರುವುದು ಒಂದು ನಾಯಿಯ ನೆನಪಿಗಾಗಿ. ಗಂಗ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೇರನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಮೂಕಪ್ರಾಣಿಗೆ ಸಂದ ಇಂಥ ಗೌರವ ಅಪರೂಪವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕಲ್ಲಿನ ಮೇಲೆ ಹಂದಿಯ ಚಿತ್ರವೂ ಇದೆ. ಹೆಸರು ಮಾತ್ರ ನಾಯಿಗೆ. ಒಡೆಯನಿಗಾಗಿ ಸತ್ತ ಪ್ರಾಣಿ ವೀರನಾಗುತ್ತದೆ, ತನಗಾಗಿ ಹೋರಾಡಿ ಸತ್ತ ಪ್ರಾಣಿ ಆ ವೀರಕ್ಕೆ ನಿಮಿತ್ತವಾಗುತ್ತದೆ. ಸಾಕಿದ ಪ್ರಾಣಿ ಮತ್ತು ಕಾಡಿನ ಪ್ರಾಣಿಗಳ ನಡುವೆ ಮನುಷ್ಯನ ಮಮತೆ ಎಳೆದ ಗೆರೆಗೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಪುರಾವೆ ಸಿಗುವುದು ಕಷ್ಟ.

ಜನ್ನನ ‘ಯಶೋಧರ ಚರಿತೆ’ (1209) ಈ ಚರ್ಚೆಯ ಕೇಂದ್ರದಲ್ಲಿರಬೇಕಾದ ಕೃತಿ. ವಾದಿರಾಜನ ಸಂಸ್ಕೃತ ಕಾವ್ಯವನ್ನು ಆಧರಿಸಿ, ಬಹುತೇಕ ಕಂದಪದ್ಯಗಳಲ್ಲಿ, ನಾಲ್ಕು ಅವತಾರಗಳಲ್ಲಿ ನಡೆಯುವ ಈ ಕಥೆಯನ್ನು ಅಮೃತಮತಿಯ ಪ್ರಣಯದ ಸುತ್ತಲೇ ಚರ್ಚಿಸಿ ವಿಮರ್ಶೆ ಬಹಳಷ್ಟು ಶಕ್ತಿಯನ್ನು ವ್ಯಯಿಸಿದೆ. ಅಷ್ಟಾವಂಕನ ಕುರೂಪ, ಮನಸಿಜನ ಮಾಯೆ, ವಿಧಿಯ ಕೈವಾಡ ಇವುಗಳ ಬಗ್ಗೆ ಬಂದಷ್ಟು ಬರವಣಿಗೆ, ಕೃತಿಯ ಮೂರನೆಯ ಅವತಾರದಲ್ಲಿ ಬರುವ ಪ್ರಾಣಿಜನ್ಮಗಳ ಬಗ್ಗೆ ಬಂದಿಲ್ಲ. ಅದನ್ನು ಕರ್ಮಸಿದ್ಧಾಂತದ ಯಾಂತ್ರಿಕ ನಿರೂಪಣೆಯೆಂದು ದಾಟಿಹೋಗುವುದೇ ಹೆಚ್ಚು. ಈ ಉಪೇಕ್ಷೆ ನ್ಯಾಯವಾದುದಲ್ಲ.

ಹೆಂಡತಿಯ ಜಾರತನವನ್ನು ಕಣ್ಣಾರೆ ಕಂಡ ಯಶೋಧರ ತಾಯಿಯೆದುರು ಅದನ್ನು ಕೆಟ್ಟ ಕನಸೆಂದು ಮರೆಮಾಚುತ್ತಾನೆ. ಕನಸಿನ ದೋಷ ಪರಿಹಾರಕ್ಕೆ ಚಂದ್ರಮತಿ ಪ್ರಾಣಿಬಲಿಯನ್ನು ಸೂಚಿಸುತ್ತಾಳೆ. ಮಗ ಒಪ್ಪುವುದಿಲ್ಲ, ತಾಯಿ ಬಿಡುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯೆಂಬ ರಾಜಿ. ಕತ್ತಿ ಬೀಳುವಾಗ ಆ ಕೋಳಿ ಕೂಗುತ್ತದೆ. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ಜೈನತತ್ತ್ವಕ್ಕೆ ಇದು ನಿದರ್ಶನವೆಂಬ ವಿವರಣೆ ಸರಿಯಾದುದೇ. ಆದರೆ ಇಲ್ಲಿ ಪ್ರಾಣಿಯೇ ಇಲ್ಲ ಎಂಬುದನ್ನು ಗಮನಿಸಬೇಕು. ನೋಯಲು ದೇಹವಿಲ್ಲದ ಒಂದು ಗೊಂಬೆಯ ಮುಂದೆ ಕೊಲ್ಲುವವನ ಮನಸ್ಸೊಂದೇ ವಿಚಾರಣೆಗೆ ಗುರಿಯಾಗುತ್ತದೆ. ಅಹಿಂಸೆಯನ್ನು ಆತ್ಮಶುದ್ಧಿಯ ಪ್ರಶ್ನೆಯಾಗಿ ಮಾತ್ರ ಕಾಣುವ ದೃಷ್ಟಿಯ ತುತ್ತತುದಿ ಇದು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವೂ ಈ ಅಂಶವನ್ನೇ ಹಿಡಿದು, ದಾಂಪತ್ಯದೊಳಗಿನ ಹಿಂಸೆಯತ್ತ ಅದನ್ನು ತಿರುಗಿಸಿತು. ಅಲ್ಲಿಯೂ ಹುಂಜ ಹಿಟ್ಟಿನದೇ.

ಜನ್ನನ ಕಾವ್ಯ ಇಲ್ಲಿಗೇ ನಿಂತಿದ್ದರೆ ಅದು ತತ್ತ್ವದ ದೃಷ್ಟಾಂತವಾಗಿ ಉಳಿಯುತ್ತಿತ್ತು. ಆದರೆ ವಿಷವುಂಡು ಸತ್ತ ತಾಯಿಮಕ್ಕಳು ಮುಂದೆ ನವಿಲಾಗಿ ನಾಯಾಗಿ, ಜಲಚರಗಳಾಗಿ, ಆಡುಗಳಾಗಿ, ಕೋಳಿಗಳಾಗಿ ಹುಟ್ಟುತ್ತಾರೆ. ಒಂದು ಜನ್ಮದ ತಾಯಿ ಮತ್ತೊಂದು ಜನ್ಮದಲ್ಲಿ ಮಗನ ಕೊರಳನ್ನು ಕಚ್ಚಿ ಕೊಲ್ಲುತ್ತಾಳೆ. ಪಿತೃವಿನ ತೃಪ್ತಿಗೆಂದು ಮಗ ಮಾಡಿಸುವ ಶ್ರಾದ್ಧದ ಅಡುಗೆಗೆ ಆ ಪಿತೃವೇ ಮೀನಾಗಿ ಒದಗುತ್ತಾನೆ. ಯಶೋಮತಿ ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲು ಬಿಟ್ಟ ಬಾಣಕ್ಕೆ ಕೋಳಿಗಳಾಗಿದ್ದ ತಂದೆಯೂ ಅಜ್ಜಿಯೂ ಬಲಿಯಾಗುತ್ತಾರೆ. ಬಲಿ, ಆಹಾರ, ವಿನೋದ ಎಂದು ಮನುಷ್ಯ ಬೇರೆಬೇರೆ ಹೆಸರಿಟ್ಟು ಸಮರ್ಥಿಸಿಕೊಳ್ಳುವ ಕೊಲೆಗಳು ಈ ಭಾಗದಲ್ಲಿ ಸಾಲಾಗಿ ನಿಲ್ಲುತ್ತವೆ. ಹಿಟ್ಟಿನ ಕೋಳಿಯಲ್ಲಿ ಇಲ್ಲದಿದ್ದ ದೇಹ ಇಲ್ಲಿ ಬಂದಿದೆ. ಕೊಂದವನೇ ಆ ದೇಹದೊಳಗೆ ಕುಳಿತಿದ್ದಾನೆ. ಪ್ರಾಣಿಯ ಒಳಗಿನಿಂದ ಲೋಕವನ್ನು ತೋರಿಸಲು ಮಧ್ಯಕಾಲೀನ ಕವಿಗೆ ಇದ್ದ ಉಪಾಯ ಇದು.

ಆ ಉಪಾಯಕ್ಕೂ ಮಿತಿಯುಂಟು. ಆ ನವಿಲು ನವಿಲಲ್ಲ, ಯಶೋಧರ. ಆ ಮೀನಿನ ಸಂಕಟಕ್ಕೆ ಓದುಗ ಕರಗುವುದು ಅದು ಹಿಂದೆ ಅರಸನಾಗಿತ್ತೆಂದು ತಿಳಿದಿರುವುದರಿಂದ. ಮಾರಿದತ್ತನ ಹೃದಯ ಪರಿವರ್ತನೆಯಲ್ಲಿಯೂ ಇದೇ ನೆರಳಿದೆ. ಚಂಡಮಾರಿಯ ಜಾತ್ರೆಗೆ ಹಿಡಿದು ತಂದ ಪ್ರಾಣಿಗಳ ಅರಚಾಟ ಅವನನ್ನು ಕದಲಿಸಲಿಲ್ಲ. ಎದುರು ನಿಂತು ಮಾತನಾಡಬಲ್ಲ ಇಬ್ಬರು ಮಕ್ಕಳು, ಅದರಲ್ಲಿಯೂ ತನ್ನ ಸೋದರಿಯ ಮಕ್ಕಳು, ಕಥೆ ಹೇಳಿದ ಮೇಲೆಯೇ ಅವನ ಕೈಯಿಂದ ಕತ್ತಿ ಜಾರುತ್ತದೆ. ಮಾತಿಲ್ಲದ, ನಂಟಿಲ್ಲದ, ಪೂರ್ವಜನ್ಮದ ಹಂಗಿಲ್ಲದ ಜೀವವೊಂದು ಬರಿದೆ ನೋಯುತ್ತದೆ ಎಂಬ ಕಾರಣಕ್ಕೇ ಅದನ್ನು ಉಳಿಸಬೇಕೇ ಎಂಬ ಪ್ರಶ್ನೆಯ ಹೊಸ್ತಿಲವರೆಗೆ ಜನ್ನ ಬರುತ್ತಾನೆ; ದಾಟುವುದಿಲ್ಲ.

ಕಾಕತಾಳೀಯವೆಂಬಂತೆ, ಇದೇ ಎರಡು ದೃಷ್ಟಿಗಳು ಏಳು ಶತಮಾನಗಳ ಅನಂತರ ಒಂದೇ ವರ್ಷದ ಅಂತರದಲ್ಲಿ ಎರಡು ಕಾನೂನುಗಳಾಗಿ ಬಂದವು. 1959ರ ರಾಜ್ಯದ ಪ್ರಾಣಿಬಲಿ ನಿಷೇಧ ಕಾಯಿದೆ ಬಲಿಯೆಂಬ ಕೃತ್ಯವನ್ನೂ ಅದು ನಡೆಯುವ ಪೂಜಾಸ್ಥಳವನ್ನೂ ಗುರಿಯಾಗಿಸಿತು. ಕೊಲ್ಲುವ ಸಂಕಲ್ಪ ಅದರ ವಿಷಯ. ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ಮಂಡಿಸಿದ ಖಾಸಗಿ ಮಸೂದೆಯ ಬೆನ್ನಲ್ಲಿ ರೂಪುಗೊಂಡ 1960ರ ಕೇಂದ್ರ ಕಾಯಿದೆಯಾದರೋ ಪ್ರಾಣಿಗೆ ಆಗುವ ಅನಗತ್ಯ ನೋವನ್ನೇ ಅಪರಾಧದ ಅಳತೆಗೋಲು ಮಾಡಿಕೊಂಡಿತು. ಆದರೆ ಅದೇ ಕಾಯಿದೆಯ 28ನೆಯ ಪ್ರಕರಣ ಧರ್ಮವು ವಿಧಿಸಿದ ರೀತಿಯ ಕೊಲ್ಲುವಿಕೆಯನ್ನು ಅಪರಾಧದಿಂದ ಹೊರಗಿಟ್ಟಿತು. ಮೊದಲ ಅಪರಾಧಕ್ಕೆ ಅದು ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ನೋವನ್ನು ಗುರುತಿಸಿದ ಕಾನೂನು ನೋವಿಗೆ ಕಟ್ಟಿದ ಬೆಲೆ ಇದು. ಕಂಬಳದ ವಿವಾದದಲ್ಲಿಯೂ ಪರಂಪರೆ ಮತ್ತು ನೋವುಗಳ ಈ ತಿಕ್ಕಾಟವೇ ಮರುಕಳಿಸಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಾಣಿಯ ಐದು ಸ್ವಾತಂತ್ರ್ಯಗಳನ್ನು ಮುಂದಿಟ್ಟು ಜಲ್ಲಿಕಟ್ಟನ್ನು ನಿಷೇಧಿಸಿತು. 2017ರ ರಾಜ್ಯದ ತಿದ್ದುಪಡಿ ಕಂಬಳಕ್ಕೆ ದಾರಿ ತೆರೆಯಿತು. 2023ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

‘ಗೋವಿನ ಹಾಡು’ ಈ ಪ್ರಶ್ನೆಗೆ ನೀಡುವ ನೆರವು ಅಲ್ಪ. ಪುಣ್ಯಕೋಟಿಯ ಸತ್ಯಕ್ಕೆ ತಲೆಬಾಗಿ ಹುಲಿ ಪ್ರಾಣ ಬಿಡುವ ಈ ಕಥೆ ತಲೆಮಾರುಗಳ ಕಣ್ಣೀರಿಗೆ ಕಾರಣವಾಗಿದೆ, ನಿಜ. ಆದರೆ ಅರ್ಬುತನೆಂಬ ಆ ಹುಲಿ ಹಸಿದಿತ್ತು. ಹಸಿವು ಅದರ ಅಪರಾಧವಲ್ಲ. ಸಾಕಿದ ಪ್ರಾಣಿಯ ಶೀಲದ ಮುಂದೆ ಕಾಡಿನ ಪ್ರಾಣಿ ತನ್ನ ಸ್ವಭಾವಕ್ಕೇ ನಾಚಿ ಸಾಯಬೇಕಾಗುತ್ತದೆ. ಆತಕೂರಿನ ಹಂದಿಗೆ ಹೆಸರಿರಲಿಲ್ಲ. ಇಲ್ಲಿ ಹುಲಿಗೆ ಹೆಸರಿದ್ದೂ ಬದುಕುವ ಹಕ್ಕಿಲ್ಲ.

ಹೊಸ್ತಿಲನ್ನು ದಾಟಿದ ಕೃತಿ ಯಾವುದೆಂದು ಕೇಳಿದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಎಂದೇ ಹೇಳಬೇಕಾಗುತ್ತದೆ. ಅಲ್ಲಿನ ‘ಹುಲಿಯ’ ಎಂಬ ನಾಯಿ ಪೂರ್ವಜನ್ಮದ ಅರಸನಲ್ಲ, ನೀತಿಯ ಪ್ರತೀಕವೂ ಅಲ್ಲ. ಅದಕ್ಕೆ ಹಸಿವಿದೆ, ಸಿಟ್ಟಿದೆ, ಮಳೆಯಲ್ಲಿ ನೆನೆಯುವ ಮೈಯಿದೆ. ಇಲ್ಲಿ ಹೆಸರಿನ ವಿನಿಮಯವೂ ವಿಶಿಷ್ಟ. ನಾಯಿಗೆ ಒಡೆಯನಿಂದ ಗುರುತು ದೊರೆಯುವುದು ಲೋಕರೂಢಿ; ಈ ಕಾದಂಬರಿಯಲ್ಲಿ ಮನುಷ್ಯನೇ ನಾಯಿಯ ದೆಸೆಯಿಂದ ‘ನಾಯಿಗುತ್ತಿ’ಯಾಗುತ್ತಾನೆ. ಗುತ್ತಿ ಜೀತಕ್ಕೆ ಸಿಕ್ಕವನು, ಅಸ್ಪೃಶ್ಯನೆಂದು ದೂರವಿಡಲ್ಪಟ್ಟವನು. ಅವನ ದೇಹವೂ ಅನ್ಯರ ಸ್ವತ್ತು. ಆದ್ದರಿಂದ ಗುತ್ತಿಗೂ ಹುಲಿಯನಿಗೂ ನಡುವಣ ನಂಟನ್ನು ಯಜಮಾನ ಮತ್ತು ಸಾಕುಪ್ರಾಣಿಗಳ ನಂಟೆಂದು ಕರೆಯುವುದು ಅರ್ಧಸತ್ಯ. ಒಡೆತನದ ಕೆಳಗೆ ನಲುಗಿದ ಎರಡು ಜೀವಗಳ ಜೊತೆಗಾರಿಕೆ ಅದು. ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಇಲ್ಲವಾಗುವ ಪ್ರಸಂಗವನ್ನು ಓದಿದವರಿಗೆ ಆ ಸಾವಿನಿಂದ ಯಾರ ಪಾಪವೂ ತೊಳೆಯಲಿಲ್ಲ, ಯಾರಿಗೂ ಉಪದೇಶ ದೊರೆಯಲಿಲ್ಲ ಎಂಬುದು ತಿಳಿದಿದೆ. ಒಂದು ನಾಯಿ ಸತ್ತಿತು, ಅಷ್ಟೆ. ಕಾದಂಬರಿ ಆ ‘ಅಷ್ಟೆ’ಯನ್ನು ಅದರ ಪೂರ್ಣ ಭಾರದೊಂದಿಗೆ ಓದುಗನ ಮೇಲೆ ಇಳಿಸುತ್ತದೆ. ಇದೇ ಕಾದಂಬರಿಯ ಲೋಕದಲ್ಲಿ ಬೇಟೆ ನಿತ್ಯದ ಸಂಗತಿಯಾಗಿರುವುದನ್ನೂ, ‘ಮಲೆನಾಡಿನ ಚಿತ್ರಗಳು’ (1933) ಕೃತಿಯಲ್ಲಿ ಶಿಕಾರಿಯ ಉತ್ಸಾಹ ತುಂಬಿರುವುದನ್ನೂ ಮುಚ್ಚಿಡಬೇಕಾಗಿಲ್ಲ. ಕುವೆಂಪು ಅವರನ್ನು ಅಹಿಂಸಾವಾದಿಯಾಗಿಸುವ ಅವಸರ ಈ ಕೃತಿಗಳ ಸಂಕೀರ್ಣತೆಯನ್ನು ತೆಳುವಾಗಿಸುತ್ತದೆ.

ಬೇಟೆಯಿಂದ ನೋಟಕ್ಕೆ ನಡೆದ ಪಯಣ ಪೂರ್ಣಚಂದ್ರ ತೇಜಸ್ವಿಯವರಲ್ಲಿ ಇನ್ನಷ್ಟು ನಿಚ್ಚಳ. ಕೋವಿಯನ್ನೂ ಗಾಳವನ್ನೂ ಬಲ್ಲ ಈ ಲೇಖಕ ‘ಪರಿಸರದ ಕತೆ’ಯಲ್ಲಿ (1991) ತನ್ನ ನಾಯಿ ಕಿವಿಯ ಬಗ್ಗೆ ಬರೆಯುವಾಗ ಕಣ್ಣೀರನ್ನು ಬಳಸುವುದಿಲ್ಲ, ನಗೆಯನ್ನು ಬಳಸುತ್ತಾರೆ. ಮಾರ, ಪ್ಯಾರ, ಕಿವಿ ಎಲ್ಲರೂ ಒಂದೇ ಪಂಕ್ತಿಯ ಪಾತ್ರಗಳು. ಪ್ರಾಣಿಯನ್ನು ಮರುಕದ ಪೀಠದಿಂದ ಇಳಿಸಿ ಸಹವಾಸಿಯನ್ನಾಗಿ ಕಾಣುವ ಈ ನಗೆ ದಯೆಗಿಂತ ಹೆಚ್ಚು ಸಮಾನತೆಯದು. ಈ ಬರಹಗಳನ್ನು ಮಕ್ಕಳ ಓದಿಗೆ ಯೋಗ್ಯವಾದ ರಂಜನೆಯೆಂದು ಬದಿಗಿರಿಸಿದ ವಿಮರ್ಶೆ ದೊಡ್ಡದೊಂದು ಅವಕಾಶವನ್ನು ಕಳೆದುಕೊಂಡಿತು. ಬೀದಿನಾಯಿಗಳನ್ನು ಕುರಿತ ವಾದವಿವಾದ 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಅಂಗಳದಲ್ಲಿ ಕಾವೇರಿದಾಗ, ಭೀತಿ ಮತ್ತು ಭಾವುಕತೆಗಳೆರಡೇ ಧ್ವನಿಗಳು ಕೇಳಿಬಂದುದನ್ನು ನೆನೆದರೆ ಈ ಮೂರನೆಯ ಧ್ವನಿಯ ಅಗತ್ಯ ಮನವರಿಕೆಯಾದೀತು.

‘ಕರ್ವಾಲೊ’ (1980) ಕಾದಂಬರಿಯ ಕೊನೆಯನ್ನು ‘ಗೋವಿನ ಹಾಡಿ’ನ ಕೊನೆಯ ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿಯೂ ಕಾಡಿನ ಜೀವವೊಂದು ಎತ್ತರದಿಂದ ನೆಗೆಯುತ್ತದೆ. ಹುಲಿಯದು ಮನುಷ್ಯನ ನೀತಿಗೆ ಶರಣಾದ ನೆಗೆತ, ಅದರ ಕೊನೆ ಸಾವು. ವಿಜ್ಞಾನಿ ಕರ್ವಾಲೊ, ಮಂದಣ್ಣ, ಪ್ರಭಾಕರ, ಬಿರಿಯಾನಿ ಕರಿಯಪ್ಪ ಇವರೆಲ್ಲ ಕಾಡನ್ನು ಜಾಲಾಡಿ ಹುಡುಕಿದ ಹಾರುವ ಓತಿಯಾದರೋ ಹಿಡಿಯಬಂದವರ ಕೈಗೆ ದಕ್ಕದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಅದು ಪವಿತ್ರವೆಂದಾಗಲಿ ಅದರ ಮೇಲೆ ಕರುಣೆ ಹುಟ್ಟಿತೆಂದಾಗಲಿ ಯಾರೂ ಅದನ್ನು ಬಿಟ್ಟುಕೊಟ್ಟದ್ದಲ್ಲ. ಅದಕ್ಕೆ ಹೋಗಲು ತನ್ನದೇ ದಿಕ್ಕಿತ್ತು. ನೋಡುತ್ತ ನಿಂತವರು ಅಂಚಿನಲ್ಲಿಯೇ ಉಳಿದರು.